ಹದಿನೇಳು ನಿಯಮಗಳು ಎರಡಾದ ಭಾನುವಾರ

ನನ್ನ ಹೆಂಡತಿ ಶೈಲಶ್ರೀಯ ಬಗ್ಗೆ ಬರೆಯಲು ನಿನಗೇನು ಅರ್ಹತೆ ಎಂದು ಯಾರಾದರೂ ಕೇಳಿದರೆ ಮೊದಲೇ ಹೇಳಿಬಿಡುತ್ತೇನೆ: ಅವಳು ಕಲಿತ ವಿದ್ಯೆಯಲ್ಲಿ ನನಗೆ ಸೊನ್ನೆ ಅಂಕ, ಅವಳ ಜೊತೆ ಸಂಸಾರ ಮಾಡಿದ್ದರಲ್ಲಿ ಇಪ್ಪತ್ತೊಂದು ವರ್ಷದ ಅನುಭವ. ನಾನು ಧನರಾಜ, ಸೊಲ್ಲಾಪುರದ ಚಾದರ ವ್ಯಾಪಾರಿ. ಓದಿದ್ದು ಅಕ್ಕಲಕೋಟೆ ತಾಲೂಕಿನಲ್ಲಿರುವ ಅಜ್ಜಿಯ ಊರಿನ ಕನ್ನಡ ಶಾಲೆಯಲ್ಲಿ, ಅದೂ ಹತ್ತನೆಯ ತರಗತಿಯವರೆಗೆ. ನಮ್ಮ ಮಗಳು ಸೋನಾಲಿಗೆ ಇದನ್ನು ನಾನೇ ಓದಿ ಹೇಳಬೇಕು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಆದರೂ ಈ ಮಾರ್ಚ್ ತಿಂಗಳಲ್ಲಿ ನಡೆದದ್ದನ್ನು ಬರೆಯದೆ ಹೋದರೆ ನನ್ನ ಹೊಟ್ಟೆ ಉಬ್ಬಿ ಒಡೆದುಹೋದೀತು. ಅದಕ್ಕೇ ಅಂಗಡಿಯ ಗಾದಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ಶೈಲಶ್ರೀ ತಡವಳದವಳು. ಜೋಳ, ತೊಗರಿ ಬೆಳೆಯುವ, ಹತ್ತು ಜನಕ್ಕೆ ಕೆಲಸ ಕೊಡುವ ಮನೆತನ. ನಾಲ್ಕನೆಯ ತರಗತಿಯವರೆಗೆ ಊರಲ್ಲಿ, ಆಮೇಲೆ ಅಕ್ಕಲಕೋಟೆಗೆ ದಿನಾ ಬಸ್ಸು. ಅಲ್ಲಿಯ ಕಾಲೇಜಿನಲ್ಲಿ ಮೊದಲ ಸಲ ಕಂಪ್ಯೂಟರ್ ಮುಟ್ಟಿದ ದಿನ ಬಸ್ಸು ತಪ್ಪಿಸಿಕೊಂಡು ಮನೆಯವರಿಂದ ಬೈಸಿಕೊಂಡಳಂತೆ. ಮುಂದೆ ಸೊಲ್ಲಾಪುರದಲ್ಲಿ ಎಂಜಿನಿಯರಿಂಗ್. ಈಗ ವಿಜಾಪುರ ರಸ್ತೆಯ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಾಳೆ.

ನಾನು ಅವಳನ್ನು ನೋಡಲು ಹೋದ ದಿನವೇ ನನಗೆ ಅವಳ ಸ್ವಭಾವ ಗೊತ್ತಾಗಬೇಕಿತ್ತು. ಹಿರಿಯರು ನಮ್ಮಿಬ್ಬರನ್ನೇ ಮಾತಾಡಲು ಬಿಟ್ಟಾಗ ಅವಳು ಹವ್ಯಾಸ ಕೇಳಲಿಲ್ಲ, ಸಂಪಾದನೆ ಕೇಳಲಿಲ್ಲ. ನಮ್ಮ ಅಂಗಡಿಯಲ್ಲಿ ಅಮೋಗಸಿದ್ಧ ಎಂಬ ಹೆಸರಿನ ಇಬ್ಬರು ಕೆಲಸಗಾರರಿದ್ದಾರೆಂದು ಯಾರೋ ಹೇಳಿದ್ದರು. "ಇಬ್ಬರಿಗೂ ಅದ ಹೆಸರಾದ್ರ ನೀವು ಕರದಾಗ ಯಾರ ಬರ್ತಾರ?" ಎಂದು ಕೇಳಿದಳು. ನಾನು ಹೇಳಿದೆ: "ಮ್ಯಾಲ ಗೋದಾಮಿನ್ಯಾಗ ನಿಂತು ಕರದ್ರ ಮ್ಯಾಲಿನಾಂವ ಬರ್ತಾನ. ಕೆಳಗ ಕರದ್ರ ಕೆಳಗಿನಾಂವ." ಅವಳು ನಕ್ಕಳು. ನನ್ನ ಮುಖ ಇಷ್ಟವಾಯಿತೆಂದು ಉಬ್ಬಿಹೋದೆ. ಇಷ್ಟವಾದದ್ದು ಉತ್ತರ ಎಂದು ತಿಳಿಯಲು ನನಗೆ ಹನ್ನೆರಡು ವರ್ಷ ಬೇಕಾಯಿತು, ಏಕೆಂದರೆ ಹನ್ನೆರಡು ವರ್ಷದ ಮೇಲೆ ಅವಳು ಪಿಎಚ್‌ಡಿಗೆ ಹೆಸರು ಹಚ್ಚಿದಳು, ಅದೇ ವಿಷಯದ ಮೇಲೆ.

ವಿಷಯ ಇದು. ಪ್ರೋಗ್ರಾಮ್ ಬರೆಯುವವರು ಪ್ರತಿಯೊಂದಕ್ಕೂ ಹೆಸರಿಡುತ್ತಾರೆ. ಒಂದೇ ಹೆಸರು ನಾಲ್ಕು ಕಡೆ ಇರಬಹುದು. ಪ್ರೋಗ್ರಾಮಿನ ಒಂದು ಜಾಗದಲ್ಲಿ ಆ ಹೆಸರು ಬಂದರೆ ಅದು ನಾಲ್ಕರಲ್ಲಿ ಯಾವುದು? ಒಂದು ಹೆಸರು ಎಲ್ಲಿಂದ ಎಲ್ಲಿಯವರೆಗೆ ತನ್ನ ಹಕ್ಕು ನಡೆಸುತ್ತದೆ ಎಂಬುದು ವ್ಯಾಪ್ತಿ. ಯಾವ ಜಾಗದಿಂದ ಅದನ್ನು ಬಳಸಬಹುದು ಎಂಬುದು ಗೋಚರತೆ. ಇದನ್ನೆಲ್ಲ ಬಾಯಿಮಾತಿನಲ್ಲಿ ಹೇಳಿದರೆ ಆಗದು, ಗಣಿತದ ಹಾಗೆ ನಿಯಮ ಕಟ್ಟಿ ಬರೆಯಬೇಕು. ಇಲ್ಲದಿದ್ದರೆ ಒಂದೇ ಪ್ರೋಗ್ರಾಮನ್ನು ಎರಡು ಯಂತ್ರಗಳು ಎರಡು ರೀತಿ ಓದುತ್ತವೆ. ಶೈಲಶ್ರೀ ಅಂಥ ನಿಯಮಗಳನ್ನು ಕಟ್ಟಿದ್ದಳು. ಅವಳ ಮುಖ್ಯ ಪ್ರಮೇಯ ಒಂದೇ ವಾಕ್ಯದ್ದು: ಈ ನಿಯಮಗಳ ಪ್ರಕಾರ ಹುಡುಕಿದರೆ ಯಾವ ಹೆಸರಿಗೂ ಎರಡು ಉತ್ತರ ಬರುವುದಿಲ್ಲ.

ಒಂಬತ್ತು ವರ್ಷ ಹಿಡಿಯಿತು. ಕಾಲೇಜಿನ ಪಾಠ, ಪೇಪರ್ ತಿದ್ದುವುದು, ಮನೆ, ಸೋನಾಲಿಯ ಶಾಲೆ, ಇದರ ನಡುವೆ. ನೆಂಟರು ಬಂದಾಗಲೆಲ್ಲ "ಮುಗೀತೇನವಾ ನಿಂದು?" ಎಂದು ಕೇಳುವರು, ಅವಳು "ಮುಗ್ಯಾಕ ಬಂದೈತ್ರಿ" ಎನ್ನುವಳು. ಕೊನೆಗೆ ನಿಜವಾಗಿಯೂ ಮುಗಿಸಿ ಒಪ್ಪಿಸಿದಳು. ಪ್ರಬಂಧ ಹೊರಗಿನ ಇಬ್ಬರು ಪರೀಕ್ಷಕರಿಗೆ ಹೋಯಿತು. ಒಬ್ಬರು ಒಪ್ಪಿದರು. ಎರಡನೆಯವರು ಬೇರೆ ಊರಿನ ಒಬ್ಬ ಮಹಿಳೆ, ನಮ್ಮ ಕಡೆಯ ಮಾತಿನಲ್ಲಿ ಪ್ರೊಫೆಸರ್ ಬಾಯಿ, ಶೈಲಶ್ರೀ ಅವರನ್ನು ಮುಖತಃ ನೋಡಿಲ್ಲ. ಅವರಿಂದ ಫೆಬ್ರವರಿಯಲ್ಲಿ ಒಂದು ಪತ್ರ ಬಂತು. ಅದರಲ್ಲಿ ಮೂರು ಸಾಲಿನ ಒಂದು ಪ್ರೋಗ್ರಾಮ್ ಇತ್ತು. ಅದರ ಕೆಳಗೆ: ನಿಮ್ಮ ನಿಯಮಗಳ ಪ್ರಕಾರ ಇದಕ್ಕೆ ಎರಡು ಉತ್ತರ ಬರುತ್ತವೆ, ಮೂವತ್ತು ದಿನದಲ್ಲಿ ಸರಿಪಡಿಸಿ, ಆಗದಿದ್ದರೆ ನಾನು ಶಿಫಾರಸು ಮಾಡಲಾರೆ.

ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಅವಧಿಯೂ ಅಲ್ಲಿಗೇ ಮುಗಿಯುತ್ತಿತ್ತು. ಸರಿಪಡಿಸದಿದ್ದರೆ ನೋಂದಣಿ ರದ್ದು, ಒಂಬತ್ತು ವರ್ಷ ಮಣ್ಣುಪಾಲು.

ಆ ಮೂರು ಸಾಲನ್ನು ಅವಳು ನನಗೆ ಚಾದರದ ಭಾಷೆಯಲ್ಲೇ ಬಿಡಿಸಿ ಹೇಳಿದಳು. ಹೊರಗಡೆ 'ಉದ್ದ' ಎಂದು ಒಂದು ಹೆಸರು, ಅದರ ಬೆಲೆ ಐದು. ಆಮೇಲೆ ಒಳಗೊಂದು ಕೋಣೆ ಅಂದುಕೊಳ್ಳಿ. ಆ ಕೋಣೆಯಲ್ಲಿ ಹೊಸದಾಗಿ ಮತ್ತೊಂದು 'ಉದ್ದ' ಹುಟ್ಟುತ್ತದೆ. ಅದರ ಬೆಲೆ ಎಷ್ಟೆಂದರೆ, 'ಉದ್ದ'ಕ್ಕೆ ಒಂದು ಕೂಡಿಸಿದಷ್ಟು. ಯಾವ ಉದ್ದಕ್ಕೆ? ಹೊರಗಿನದಕ್ಕೆ ಎಂದರೆ ಆರು. ಒಳಗಿನದಕ್ಕೇ ಎಂದರೆ, ಅದು ಇನ್ನೂ ಹುಟ್ಟುತ್ತಲೇ ಇದೆ, ಇಲ್ಲದ್ದಕ್ಕೆ ಒಂದು ಕೂಡಿಸುವುದು ಹೇಗೆ? ಅವಳ ನಿಯಮಗಳು ಎರಡಕ್ಕೂ ಹೂಂ ಎನ್ನುತ್ತಿದ್ದವು.

"ಇಂಥಾ ಹುಚ್ಚ ಪ್ರೋಗ್ರಾಮ್ ಯಾರ ಬರೀತಾರ?" ಎಂದೆ.

"ಯಾರ ಬರೀತಾರ ಅನ್ನೂದಲ್ರಿ ಪ್ರಶ್ನಿ. ಬರದ್ರ ಏನಾಗಬೇಕು ಅನ್ನೂದು."

ಅವಳು ತೇಪೆ ಹಚ್ಚಲು ಶುರು ಮಾಡಿದಳು. ಹೆಸರು ಹುಟ್ಟುವ ಸಾಲು ಪೂರ್ತಿ ಮುಗಿದ ಮೇಲೆಯೇ ಆ ಹೆಸರಿಗೆ ಹಕ್ಕು ಎಂದು ಬರೆದಳು. ಉದ್ದದ ಸಮಸ್ಯೆ ತೀರಿತು, ಆದರೆ 'ಮಡಚು' ಕೆಟ್ಟಿತು. ಮಡಚು ಎಂಬುದು ಒಂದು ಕೆಲಸದ ಹೆಸರು: ಚಾದರವನ್ನು ಅರ್ಧಕ್ಕೆ ಮಡಿಸು, ಇನ್ನೂ ಡಬ್ಬಿಯಲ್ಲಿ ಹಿಡಿಯದಿದ್ದರೆ ಮತ್ತೆ ಮಡಚು. ತನ್ನ ಕೆಲಸ ಹೇಳುವಾಗ ಅದು ತನ್ನ ಹೆಸರನ್ನೇ ಬಳಸುತ್ತದೆ. ಸಾಲು ಮುಗಿಯುವ ತನಕ ಹೆಸರಿಗೆ ಹಕ್ಕಿಲ್ಲ ಎಂದರೆ ಅದಕ್ಕೆ ತಾನೇ ಸಿಗುವುದಿಲ್ಲ. ಇದಕ್ಕೊಂದು ಅಪವಾದ ಬರೆದಳು, ಅದು ಇನ್ನೊಂದನ್ನು ಕೆಡಿಸಿತು, ಅದಕ್ಕೆ ಮತ್ತೊಂದು. ಐದನೆಯ ಅಧ್ಯಾಯದಲ್ಲಿ ಮೊದಲೇ ಒಂದಷ್ಟು ಅಪವಾದಗಳಿದ್ದವು, ಈಗ ಒಟ್ಟು ಹದಿನೇಳು ನಿಯಮಗಳಾದವು. ಇಷ್ಟಾದರೂ ಇಪ್ಪತ್ತಮೂರನೆಯ ದಿನ ಹದಿನೇಳರಲ್ಲಿ ಎರಡು ಒಂದಕ್ಕೊಂದು ಕಚ್ಚಾಡುತ್ತಿವೆ ಎಂದು ಅವಳೇ ಕಂಡುಹಿಡಿದಳು. ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಬಚ್ಚಲ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದಳು. ನನಗೆ ಆ ಪ್ರೊಫೆಸರ್ ಬಾಯಿಯ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಫೋನ್ ನಂಬರ್ ಸಿಕ್ಕಿದ್ದರೆ ಜಗಳ ಮಾಡಿಬಿಡುತ್ತಿದ್ದೆ.

ಅದೇ ಹೊತ್ತಿಗೆ ತಡವಳದಿಂದ ನನ್ನ ಅತ್ತೆ ಸೋನಾಬಾಯಿಯ ಫೋನು. ಶೈಲಶ್ರೀಯ ತಮ್ಮ ಸಿದ್ಧರಾಮನಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಗಂಡುಮಗು ಹುಟ್ಟಿತ್ತು, ಭಾನುವಾರ ನಾಮಕರಣ. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಮಗುವಿಗೆ ಇರುವ ಸೋದರತ್ತೆ ಇವಳೊಬ್ಬಳೇ. ಇವಳು ಬರಲಾಗದು ಎಂದಳು. ಫೋನು ಸ್ಪೀಕರ್ ಮೇಲಿತ್ತು.

"ಕಂಪ್ಯೂಟರಿನ್ಯಾಗ ಹೆಸರ ಹುಡಕ್ಲಾಕ ಒಂಬತ್ತ ವರ್ಸ ಸಿಕ್ತು. ತಮ್ಮನ ಕೂಸಿಗಿ ಹೆಸರ ಹೇಳಾಕ ಒಂದ ದಿನಾ ಸಿಗವಲ್ದೇನ ನಿನಗ?" ಎಂದು ಅತ್ತೆ ಫೋನ್ ಇಟ್ಟುಬಿಟ್ಟರು.

ಭಾನುವಾರ ಬೆಳಿಗ್ಗೆ ಮೋಟರ್‌ಸೈಕಲ್ ಮೇಲೆ ಹೊರಟೆವು. ಸೋನಾಲಿ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದಳು. ನೆಂಟರಿಗೆ ಕೊಡಲು ಆರು ಚಾದರ ತುಂಬಿದ ರಟ್ಟಿನ ಡಬ್ಬಿ ನಮ್ಮಿಬ್ಬರ ನಡುವೆ. ಅಕ್ಕಲಕೋಟೆ ದಾಟುವವರೆಗೂ ಅವಳು ಒಂದು ಮಾತಾಡಲಿಲ್ಲ. ಬೆನ್ನ ಹಿಂದೆ ಹೆಂಡತಿ ಬೈಯುತ್ತಿದ್ದರೆ ಗಾಡಿ ಓಡಿಸುವುದು ಸುಲಭ, ಸುಮ್ಮನೆ ಕೂತಿದ್ದರೆ ಬಹಳ ಕಷ್ಟ.

ತಡವಳದ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿ ಆಗಿತ್ತು. ಮಗುವಿಗೆ ತೀರಿಹೋದ ಅಜ್ಜನ ಹೆಸರು, ಚನ್ನವೀರಪ್ಪ ಎಂದು ಇಡುವುದು ಎಲ್ಲರಿಗೂ ಗೊತ್ತಿದ್ದ ಮಾತು. ತಡವಳದಲ್ಲಿ ಈ ಹೆಸರಿಗೇನೂ ಬರವಿಲ್ಲ. ಪಕ್ಕದ ಮನೆಯ ಎತ್ತರದ ಕಾಕಾನೂ ಚನ್ನವೀರಪ್ಪನೇ, ಅವನು ನಮ್ಮ ಪಡಸಾಲೆಯ ಮೂಲೆಯಲ್ಲೇ ಕೂತು ಅಡಕೆ ಕತ್ತರಿಸುತ್ತಿದ್ದ. ತೊಟ್ಟಿಲು ಒಂದು ಕಡೆ ಜಗ್ಗಿದಂತೆ ಕಂಡಿತು. ಮನೆಯ ಅಳಿಯ ಸುಮ್ಮನೆ ಕೂತರೆ ಚೆನ್ನಾಗಿ ಕಾಣುವುದಿಲ್ಲವಲ್ಲ, ನಾನು ದೊಡ್ಡ ದನಿಯಲ್ಲಿ ಕರೆದೆ:

"ಚನ್ನವೀರಪ್ಪ ಕಾಕಾ, ಇಲ್ಲಿ ಬರ್ರಿ! ತೊಟ್ಟಲಾ ವಾಕಡಾ ಆಗೈತಿ!"

ಹಾಡುತ್ತಿದ್ದ ಹೆಂಗಸರು ಗಪ್ಪನೆ ನಿಂತರು. ಸೋನಾಬಾಯಿ ಅಡುಗೆಮನೆಯಿಂದ ಗುಗ್ಗರಿಯ ಸೌಟು ಹಿಡಿದುಕೊಂಡೇ ಓಡಿಬಂದರು.

"ಅಳಿಯಾರ! ಆ ಹೆಸರ ತಗೀಬ್ಯಾಡ್ರಿ!"

"ಯಾಕ್ರಿ? ನಾ ಕಾಕಾಗ ಕರದ್ನಿ, ಕೂಸಿಗಲ್ಲ."

"ಯಾರಿಗರ ಕರೀರಿ. ತೊಟ್ಟಲಾ ಕಟ್ಟಿದ ಗಳಿಗಿಯಿಂದ ಈ ಹೊಸ್ತಲಾ ಒಳಗ ಆ ಹೆಸರ ಕೂಸಿಂದು."

"ಕೂಸಿಗೆ ಇನ್ನಾ ಇಟ್ಟಿಲ್ಲಲ್ರಿ?"

"ಇಟ್ಟಿಲ್ಲ, ಅದಕ ಕೂಸಿಗೂ ಕರೀಬ್ಯಾಡ್ರಿ. ಸ್ವಾದರತ್ತಿ ಕಿವ್ಯಾಗ ಹೇಳೂತನಾ ಯಾರೂ ಬಾಯಾಗ ತರಬಾರ್ದು."

"ಮತ್ತ ಕಾಕಾಗ ಏನಂತ ಕರೀಲಿ?"

"ಕಾಕಾ ಬೇಕಾದ್ರ ಹೊಸ್ತಲಾ ದಾಟಿ ಹೊರಗ ನಿಂತ ಕರೀರಿ, ಎಷ್ಟ ಬೇಕಾದ್ರೂ ಕರೀರಿ. ಇಲ್ಲಿ ಒದರಿದ್ರ ತಪ್ಪಾತು, ಮುಗೀತು."

ಈ ಕಟ್ಟಳೆ ಬೇರೆ ಯಾವ ಮನೆಯಲ್ಲಿದೆಯೋ ನನಗೆ ತಿಳಿಯದು. ಅತ್ತೆಯ ಮನೆಯಲ್ಲಿ ಎಷ್ಟೋ ವರ್ಷದಿಂದ ತೊಟ್ಟಿಲು ಕಟ್ಟಿರಲಿಲ್ಲ, ನನಗೆ ಹೇಳಿದವರೂ ಇರಲಿಲ್ಲ. ನನ್ನ ಮುಖ ಇಷ್ಟೇ ಇಷ್ಟಾಯಿತು. ಸಿದ್ಧರಾಮ ನಗು ತಡೆಯಲು ಟೋಪಿಯಿಂದ ಬಾಯಿ ಮುಚ್ಚಿಕೊಂಡ. ಕಾಕಾ ತಾನೇ ಎದ್ದುಬಂದು ಹಗ್ಗ ಬಿಗಿದ.

ಆದರೆ ಶೈಲಶ್ರೀ ನಗಲಿಲ್ಲ. ಮಗುವಿನ ತಲೆಗೆ ಕಟ್ಟುವ ಕುಂಚಿಗೆಯನ್ನು ಕೈಯಲ್ಲಿ ಹಿಡಿದು ನಿಂತವಳು ನಿಂತಲ್ಲೇ ಕಲ್ಲಾಗಿದ್ದಳು.

"ಅವ್ವಾ, ಈಗೇನಂದಿ? ಮತ್ತೊಮ್ಮಿ ಹೇಳ."

"ತಪ್ಪಾತು, ಮುಗೀತು ಅಂದ್ನಿ."

"ಅದರ ಮೊದಲಿಂದು!"

"ಹೆಸರ ಕೂಸಿಂದು ಅಂದ್ನಿ, ಆದ್ರ ಕರೀಬಾರ್ದು ಅಂದ್ನಿ. ಇದರಾಗೇನೈತವಾ ಹೊಸಾದು?"

"ಎರಡೂ ಬ್ಯಾರೆ ಬ್ಯಾರೆ ಮಾತು!" ಎಂದು ಶೈಲಶ್ರೀ ಕೂಗಿಬಿಟ್ಟಳು. "ಹೆಸರ ಯಾರದು ಅನ್ನೂದೊಂದು ಮಾತು, ಈಗ ಕರೀಬೌದೋ ಇಲ್ಲೋ ಅನ್ನೂದೊಂದು ಮಾತು! ನಾ ಎರಡೂ ಒಂದ ನಿಯಮದಾಗ ತುರುಕಿದ್ನಿ! ಒಳಗಿಂದು ಇನ್ನಾ ತೆರದಿಲ್ಲಂತ ಹೊರಗಿಂದಕ್ಕ ಓಡಿಹೋಗಬಾರ್ದು, ಅಲ್ಲೇ ನಿಂತು ತಪ್ಪಂತ ಹೇಳಬೇಕು! ಕೇಳ್ರಿಲ್ಲಿ, ಕೇಳಿದ್ರೇನ್ರಿ?"

ಕೇಳಿದ್ದು ನಾನೊಬ್ಬನೇ ಅಲ್ಲ, ಓಣಿ ಪೂರ್ತಿ ಕೇಳಿತ್ತು. ಮಗುವಿನ ತಾಯಿ ಸ್ನೇಹಲ ಹೆದರಿ ಮಗುವನ್ನು ಎದೆಗೆ ಅಪ್ಪಿಕೊಂಡಳು. ಸೋನಾಬಾಯಿ ಮಾತ್ರ ಹೆದರಲಿಲ್ಲ. "ಮೊದಲ ಕೂಸಿನ ಕಿವ್ಯಾಗ ಹೇಳ, ಆಮ್ಯಾಲ ಲೋಕಕ್ಕ ಹೇಳೀಯಂತ" ಎಂದು ಮಗಳ ರಟ್ಟೆ ಹಿಡಿದು ತೊಟ್ಟಿಲ ಮುಂದೆ ಬಗ್ಗಿಸಿದರು. ಸೋದರತ್ತೆ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವ ಪದ್ಧತಿಯುಂಟು. ಅವತ್ತು ಎಲ್ಲರೂ ಸ್ವಲ್ಪ ಜೋರಾಗಿಯೇ ಗುದ್ದಿದರು ಎಂದು ನನ್ನ ಅನುಮಾನ. ಅವಳಿಗೆ ಒಂದೂ ತಗುಲಿದಂತೆ ಕಾಣಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು, ಹಣೆಗೆ ಮುತ್ತು ಕೊಟ್ಟಳು, ನೆಟ್ಟಗೆ ನನ್ನ ಹತ್ತಿರ ಬಂದು ಕೈ ಚಾಚಿದಳು.

"ಪೆನ್ನ ಕೊಡ್ರಿ."

ನನ್ನ ಜೇಬಿನಲ್ಲಿ ಗಂಟಿನ ಮೇಲೆ ನಂಬರ್ ಹಾಕುವ ದಪ್ಪ ಮಾರ್ಕರ್ ಇತ್ತು. ಕಾಗದ ಇರಲಿಲ್ಲ. ಅವಳು ಚಾದರಗಳನ್ನು ಹೊರಗೆ ಸುರಿದು ರಟ್ಟಿನ ಡಬ್ಬಿಯನ್ನು ಮಗುಚಿ ಹಾಕಿ ಅದರ ಮೇಲೆ ಬರೆಯತೊಡಗಿದಳು. ಒಂದನೆಯ ನಿಯಮ: ಕೋಣೆಯೊಳಗೆ ಕಾಲಿಟ್ಟ ಕ್ಷಣದಿಂದ ಹೆಸರು ಒಳಗಿನದರದೇ, ಹೊರಗಿನದು ಮುಚ್ಚಿಹೋಯಿತು. ಎರಡನೆಯ ನಿಯಮ: ಒಳಗಿನದಕ್ಕೆ ಬೆಲೆ ಬರುವ ತನಕ ಅದನ್ನು ಬಳಸುವಂತಿಲ್ಲ, ಬಳಸಿದರೆ ತಪ್ಪು, ಹುಡುಕಾಟ ಅಲ್ಲಿಗೇ ನಿಲ್ಲಲಿ. ಹಾಗಾದರೆ ಪರೀಕ್ಷಕರ ಮೂರು ಸಾಲಿಗೆ ಉತ್ತರ ಆರೂ ಅಲ್ಲ, ಇನ್ನೊಂದೂ ಅಲ್ಲ. ಒಂದೇ ಉತ್ತರ: ಇದು ತಪ್ಪು ಪ್ರೋಗ್ರಾಮ್.

ನಾನೂ ಇಪ್ಪತ್ತಾರು ದಿನ ಸುಮ್ಮನೆ ಕೇಳಿಸಿಕೊಂಡಿರಲಿಲ್ಲ. "ಮಡಚು?" ಎಂದು ಕೇಳಿದೆ. "ಅದು ತನ್ನ ಹೆಸರ ತಾನ ತಗೋತೈತೆಲ್ಲ, ಅದರ ಗತಿ?"

ಅವಳ ಕೈ ಗಾಳಿಯಲ್ಲಿ ನಿಂತಿತು. ಹಾಳಾದ ನನ್ನ ಬಾಯಿ, ಮತ್ತೆ ಏನೋ ಕೆಡಿಸಿಬಿಟ್ಟೆನೆಂದುಕೊಂಡೆ. ಅವಳು ತೊಟ್ಟಿಲ ಕಡೆ ನೋಡಿದಳು, ಆಮೇಲೆ ನಕ್ಕಳು.

"ಮಡಚು ತನ್ನ ಹೆಸರ ಬಳಸೂದು ಯಾವಾಗ? ಯಾರರ ಅದನ್ನ ಕೆಲಸಕ್ಕ ಕರದಾಗ. ಅಷ್ಟೊತ್ತಿಗಿ ಹೆಸರಿಟ್ಟು ಮುಗದಿರತೈತಿ. ಈ ಕೂಸು ದೊಡ್ಡಾಂವಾಗಿ ತನ್ನ ಹೆಸರ ತಾನ ಹೇಳಕೊಂಡ್ರ ಯಾರ ಬ್ಯಾಡಂತಾರ?"

ಡಬ್ಬಿಯ ನಾಲ್ಕೂ ಮಗ್ಗುಲು ತುಂಬಿದವು. ಹಳೆಯ ಹದಿನೇಳು ನಿಯಮಗಳನ್ನು ಒಂದೊಂದಾಗಿ ಹೇಳುತ್ತ, "ಇದು ಬ್ಯಾಡ, ಇದೂ ಬ್ಯಾಡ" ಎಂದು ಬೆರಳು ಮಡಚುತ್ತ ಹೋದಳು. ಕೊನೆಗೆ ಉಳಿದದ್ದು ಆ ಎರಡೇ. ಎರಡು! ನಾನು ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಕುಣಿಯುವುದೊಂದು ಬಾಕಿ. ಗುಗ್ಗರಿ ತಂದುಕೊಟ್ಟ ಸೋನಾಬಾಯಿ, "ಹುಗ್ಗಿ ಆರಿಹೊಂಟೈತಿ, ಉಣ್ಣಾಕ ಏಳ್ರಿ ಇಬ್ಬರೂ" ಎಂದರು. ಅವರ ಮಟ್ಟಿಗೆ ಹೊಸದೇನೂ ನಡೆದಿರಲಿಲ್ಲ. ನೆಂಟರು ಚಾದರಗಳನ್ನು ಡಬ್ಬಿಯಿಲ್ಲದೆ ಬಗಲಲ್ಲಿಟ್ಟುಕೊಂಡು ಹೋದರು.

ಹೋಗುವಾಗ ಮಾತಿಲ್ಲದವಳು ಬರುವಾಗ ಸೊಲ್ಲಾಪುರದವರೆಗೂ ನನ್ನ ಕಿವಿಯಲ್ಲಿ ಕೂಗುತ್ತಲೇ ಬಂದಳು. ನನಗೆ ಅರ್ಧ ತಿಳಿಯಿತು, ಅರ್ಧ ಗಾಳಿಗೆ ಹೋಯಿತು. ಆದರೂ ಅಂಥ ಸವಾರಿ ನನ್ನ ಜನ್ಮದಲ್ಲಿ ಮಾಡಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಐದನೆಯ ಅಧ್ಯಾಯದ ಅರವತ್ತೊಂದು ಪುಟಗಳನ್ನು ತೆಗೆದುಹಾಕಿದಳು. ಮೂರು ವರ್ಷದ ಕೆಲಸ. ಅವಳು ಹಳೆಯ ರದ್ದಿ ಹಾಕಿದವರಂತೆ ಹಗುರಾಗಿದ್ದಳು. ಅಲ್ಲಿ ನಾಲ್ಕು ಪುಟ ಹೊಸದಾಗಿ ಬರೆದಳು. ಆಮೇಲೆ ಪ್ರಮೇಯದ ಸಾಧನೆ, ಅಂದರೆ ಅದು ನಿಜವೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುವುದು. ಕಾಲೇಜಿನ ಲ್ಯಾಬಿನಲ್ಲಿ ಒಂದು ಸಾಫ್ಟ್‌ವೇರ್ ಇದೆ, ಅದು ಸಾಧನೆಯನ್ನು ಸಾಲು ಸಾಲಾಗಿ ತಪಾಸಣೆ ಮಾಡುತ್ತದೆ, ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ಸೋಮವಾರ ಒಪ್ಪಲಿಲ್ಲ. ಮಂಗಳವಾರ ಅರ್ಧ ಒಪ್ಪಿತು. ಬುಧವಾರ ಹನ್ನೊಂದೂಕಾಲಕ್ಕೆ ನಾನು ಗಿರಾಕಿಯ ಮುಂದೆ ಚಾದರ ಬಿಚ್ಚಿ ಹಿಡಿದಿದ್ದಾಗ ಫೋನು ಬಂತು. ಅವಳು ಹಲೋ ಎನ್ನಲೂ ಇಲ್ಲ. "ಒಪ್ಪಕೊಂತ್ರಿ! ಪೂರಾ ಒಪ್ಪಕೊಂತು!" ಎಂದಳು. ನನ್ನ ಕೈಯಿಂದ ಚಾದರ ಜಾರಿ ಗಿರಾಕಿಯ ತಲೆಯ ಮೇಲೆ ಬಿತ್ತು. ಅದೇ ದಿನ ಮಧ್ಯಾಹ್ನ, ಒಂದು ದಿನ ಮುಂಚೆಯೇ, ಪ್ರಬಂಧ ಪ್ರೊಫೆಸರ್ ಬಾಯಿಗೆ ಹೋಯಿತು.

ಆಮೇಲೆ ಹನ್ನೆರಡು ದಿನ ಸುದ್ದಿಯಿಲ್ಲ. ಯಂತ್ರ ಒಪ್ಪಿದರೆ ಸಾಲದು, ನಿಯಮಗಳೇ ಸರಿ ಎಂದು ಅವರು ಒಪ್ಪಬೇಕಲ್ಲ. ನಾನು ಪ್ರತಿ ಗಂಟೆಗೊಮ್ಮೆ "ಬಂತೇನ?" ಎಂದು ಫೋನ್ ಮಾಡಿ ಬೈಸಿಕೊಂಡೆ.

ಹದಿಮೂರನೆಯ ದಿನ ಮಧ್ಯಾಹ್ನ ಅವಳು ಕಾಲೇಜಿನಿಂದ ನೇರ ಅಂಗಡಿಗೆ ಬಂದಳು. ಹಾಗೆ ಎಂದೂ ಬಂದವಳಲ್ಲ. ಗಿರಾಕಿಗಳ ನಡುವೆಯೇ ನಿಂತು ಮೊಬೈಲ್ ನನ್ನ ಕೈಗೆ ಕೊಟ್ಟಳು. ಪ್ರೊಫೆಸರ್ ಬಾಯಿ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಅಕ್ಷರ ಕೂಡಿಸಿ ಓದತೊಡಗಿದೆ, ನನ್ನ ಗತಿ ನೋಡಲಾರದೆ ಅವಳೇ ಹೇಳಿದಳು. "ಮೊದಲ ಮೂರ ಸಾಲಿನಿಂದ ನಿಮ್ಮ ನಿಯಮಾ ಒಡದಿದ್ನಿ, ಈ ಸರ್ತಿ ಇನ್ನೂರು ಪ್ರೋಗ್ರಾಮ್ ಬರದು ಒಡೀಲಾಕ ನೋಡೀನಿ, ಒಡೀಲಿಲ್ಲ ಅಂತ ಬರದಾರ್ರಿ. ಶಿಫಾರಸು ಮಾಡ್ಯಾರ."

ಇಲ್ಲಿಯವರೆಗೆ ಒಂದು ಸಂಗತಿಯನ್ನು ನಾನು ಬರೆಯದೆ ಮುಚ್ಚಿಟ್ಟಿದ್ದೇನೆ. ಅಮೋಗಸಿದ್ಧರ ಬಗ್ಗೆ ಕೊಟ್ಟ ಉತ್ತರ, ಕಾಕಾನನ್ನು ಕರೆದದ್ದು, ಮಡಚಿನ ಪ್ರಶ್ನೆ, ಇವೆಲ್ಲ ನನ್ನ ದೊಡ್ಡಸ್ತಿಕೆಯೆಂದು ಬರೆದುಕೊಂಡವನು ಇದನ್ನೂ ಬರೆಯಬೇಕು. ಪತ್ರ ಬಂದ ಇಪ್ಪತ್ತನೆಯ ದಿನ, ಅವಳ ತಟ್ಟೆಯಲ್ಲಿ ಅನ್ನ ಆರಿ ಒಣಗಿದ್ದನ್ನು ನೋಡಿ, "ಸಾಕಿನ್ನ, ಬಿಟ್ಟಬಿಡು. ಆಗೂದಲ್ಲ ಇದು" ಎಂದಿದ್ದೆ. ಅವಳ ಮೇಲಿನ ಕನಿಕರದಿಂದಲೇ ಹೇಳಿದೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಸುಳ್ಳು. ಒಂಬತ್ತು ವರ್ಷ ಅವಳ ಎದುರು ಕೂತು ಒಬ್ಬನೇ ಉಂಡು ನನಗೆ ಸಾಕಾಗಿತ್ತು. ಇದು ಸೋತರೆ ಅವಳು ಮನೆಗೆ ಮರಳುತ್ತಾಳೆ ಎಂಬ ಆಸೆ ಒಂದು ಮೂಲೆಯಲ್ಲಿ ಇತ್ತು.

ಆ ದಿನ ಅವಳು ತಟ್ಟೆ ಎತ್ತಿ ತೊಳೆದಿಟ್ಟು ಮಲಗಿಬಿಟ್ಟಿದ್ದಳು. ಈಗ ಒಂದರ ಮೇಲೊಂದು ಪೇರಿಸಿದ ಚಾದರದ ಥಪ್ಪಿಯ ಮೇಲೆ ಕೂತು, ಕಣ್ಣೊರೆಸಿಕೊಂಡು, ನಗುತ್ತಲೇ ಹೇಳಿದಳು: "ಒಂಬತ್ತ ವರ್ಷದಾಗ ನಾ ಖರೇನ ಬಿಡಬೇಕಂತ ಮಾಡಿದ್ದು ಒಂದ ದಿನಾರಿ. ನೀವು ಬಿಡು ಅಂದ ದಿನಾ."

ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು, ಯಾರಿಗೂ ಏನೂ ತಿಳಿಯಲಿಲ್ಲ. ನಾಚಿಕೆಯೂ ಖುಷಿಯೂ ಒಟ್ಟಿಗೇ ಆಗಬಹುದೆಂದು ನನಗೆ ಆವತ್ತೇ ಗೊತ್ತಾದದ್ದು. ಅವಳ ಪಕ್ಕದಲ್ಲಿ ಥಪ್ಪಿಯ ಮೇಲೆ ಹೋಗಿ ಕೂತೆ.

"ತಪ್ಪಾತು ಶೈಲಾ" ಎಂದೆ.

"ಊಟಾ ಮಾಡೀರೇನ?" ಎಂದು ಕೇಳಿದಳು. ಇಬ್ಬರೂ ಮಾಡಿರಲಿಲ್ಲ. ನನ್ನ ಊಟದ ಡಬ್ಬಿ ಬಿಚ್ಚಿ ಗಿರಾಕಿಗಳ ಎದುರೇ ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು.